ಇಥಿಯೋಪಿಯಾದಲ್ಲಿ ಮೂರು ಸಾಲು ಕಡಲೆ

ಯರಗುಪ್ಪಿಯ ಕಟ್ಟೆ

ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ‘ಮಹಾಶಕ್ತಿ ರಾಷ್ಟ್ರ ಎಂದರೇನು? ಅದು ಪ್ರಾದೇಶಿಕ ಶಕ್ತಿಗಿಂತ ಹೇಗೆ ಭಿನ್ನ?’ ಎಂಬ ಪ್ರಶ್ನೆಗೆ ಉತ್ತರವನ್ನು ನಾನೇ ಬರೆಸುತ್ತಿದ್ದೆ. ದೊಡ್ಡ ಸೈನ್ಯ, ದೊಡ್ಡ ಕಾರ್ಖಾನೆಗಳು, ಅಣುಬಾಂಬು, ತಂತ್ರಜ್ಞಾನ, ಜನಸಂಖ್ಯೆ. ಐದು ಅಂಶಕ್ಕೆ ಐದು ಅಂಕ. ಮಕ್ಕಳು ಕಣ್ಣು ಮುಚ್ಚಿ ಬರೆಯುತ್ತಿದ್ದರು, ನಾನೂ ಕಣ್ಣು ಮುಚ್ಚಿಯೇ ಸರಿ ಹಾಕುತ್ತಿದ್ದೆ. ಆ ಉತ್ತರದಲ್ಲಿ ಒಂದು ಅಂಶ ಪೂರ್ತಿ ಬಿಟ್ಟುಹೋಗಿತ್ತು ಎಂದು ತಿಳಿಯಲು ನಾನು ನಿವೃತ್ತನಾಗಿ, ಒಂದು ಕೂರಿಗೆ ಹೊತ್ತುಕೊಂಡು ಇಥಿಯೋಪಿಯಾಕ್ಕೆ ಹೋಗಬೇಕಾಯಿತು.

ಕೂರಿಗೆ ಮಾಡಿದವನು ನನ್ನ ಗೆಳೆಯ ದಾದಾಪೀರ. ಅವನ ಮನೆತನ ತಲೆಮಾರುಗಳಿಂದ ನಮ್ಮೂರಿನಲ್ಲಿ ಒಕ್ಕಲುತನದ ಸಾಮಾನು ಮಾಡಿಕೊಂಡು ಬಂದಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೂರಿಗೆ ಎಂದರೆ ಎತ್ತು ಎಳೆಯುವ ಬಿತ್ತನೆಯ ಸಾಧನ. ಮೇಲೆ ಮರದ ಬಟ್ಟಲು, ಬಟ್ಟಲಿಗೆ ಮೂರು ತೂತು, ತೂತಿನಿಂದ ಇಳಿಯುವ ಮೂರು ಬಿದಿರ ಕೊಳವೆ, ಕೊಳವೆಯ ತುದಿಗೆ ನೆಲ ಸೀಳುವ ಕಬ್ಬಿಣದ ಕುಳ. ಬಟ್ಟಲಿಗೆ ಕಾಳು ಬಿಟ್ಟರೆ ಒಂದೇ ಸುತ್ತಿಗೆ ಮೂರು ಸಾಲು. ನಮ್ಮ ಕಡೆ ಟ್ರ್ಯಾಕ್ಟರು ಬಂದಿದ್ದರೂ ಕಡಲೆ ಬಿತ್ತಲು ನಾನು ಈಗಲೂ ದಾದಾಪೀರನ ಕೂರಿಗೆಯನ್ನೇ ಹೂಡುತ್ತೇನೆ.

ನಮ್ಮಿಬ್ಬರಿಗೂ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಪತ್ರಿಕೆ ಓದುತ್ತ ಜಗಳ. ನಮ್ಮ ದೇಶ ಮಹಾಶಕ್ತಿ ಆಗಿಯೇ ಬಿಟ್ಟಿದೆ ಎಂದು ನಾನು. ಅವನು ಬೀಡಿ ಪಕ್ಕಕ್ಕಿಟ್ಟು ಒಂದೇ ಮಾತು ಹೇಳುತ್ತಿದ್ದ.

‘ಮಾಸ್ತರ, ತನ್ನ ಓಣ್ಯಾಗ ಎಲ್ಲಾರೂ ದೊಡ್ಡವರ. ಬ್ಯಾರೆ ಊರಾಗ ಯಾರ ಕೆಲಸ ನಡೀತೈತಿ, ಅದನ್ನ ಹೇಳ್ರಿ.’

ಹೀಗಿರುವಾಗ, ಎರೆಭೂಮಿ ಇರುವ ದೇಶಗಳ ರೈತರು ಒಬ್ಬರ ಹೊಲಕ್ಕೊಬ್ಬರು ಹೋಗಿ ತಮ್ಮ ಪದ್ಧತಿ ತೋರಿಸುವ ಯೋಜನೆಯೊಂದರ ಜನ ನಮ್ಮ ಕಡೆ ಬಂದರು. ಕೂರಿಗೆ ನೋಡಿ ಮರುಳಾದರು. ಇಥಿಯೋಪಿಯಾದಲ್ಲೂ ಹೀಗೆಯೇ ಕಪ್ಪು ನೆಲ, ಅಲ್ಲಿಯೂ ಮಳೆ ಮುಗಿದ ಮೇಲೆ ಕಡಲೆ ಬಿತ್ತುತ್ತಾರೆ, ಆದರೆ ಕೈಯಿಂದ ಚೆಲ್ಲುತ್ತಾರೆ. ಕೂರಿಗೆ ಮಾಡುವವರೊಬ್ಬರು, ಬಿತ್ತುವವರೊಬ್ಬರು ಬರಬೇಕು ಎಂದರು. ಮಾಡುವವನು ದಾದಾಪೀರ. ಬಿತ್ತುವವನು ನಾನು, ಮೇಲಾಗಿ ಇಂಗ್ಲಿಷ್ ಬರುತ್ತದೆ. ಹೆಸರು ಬರೆದುಕೊಟ್ಟೆವು.

ಚೀಲ ಕಟ್ಟುವಾಗ ನನ್ನ ಹೆಂಡತಿ ಶಾಂತವ್ವ ಬಾಗಿಲಲ್ಲಿ ನಿಂತು, ಯಾರ್ಯಾರು ಹೊರಟಿದ್ದೀರಿ ಎಂದು ಕೇಳಿದಳು. ನಾನು ಮತ್ತು ದಾದಾಪೀರ ಎಂದೆ. ‘ಇಬ್ಬರ?’ ಎಂದಳು. ಇಬ್ಬರೇ ಎಂದೆ. ನಕ್ಕು ಒಳಗೆ ಹೋದಳು. ಗಂಡ ವಿಮಾನ ಹತ್ತುತ್ತಾನೆಂಬ ಖುಷಿ ಇರಬೇಕು ಎಂದುಕೊಂಡೆ.

ಮುಂಬೈ ವಿಮಾನ ನಿಲ್ದಾಣ

ಕೂರಿಗೆಯ ದಿಂಡು, ನೊಗಕ್ಕೆ ಕಟ್ಟುವ ಈಸು, ಕುಳ ಎಲ್ಲ ಬಿಚ್ಚಿ ಗೋಣಿತಟ್ಟಿನಲ್ಲಿ ಸುತ್ತಿ ಸಾಮಾನಿಗೆ ಹಾಕಿದೆವು. ಬಟ್ಟಲನ್ನು ಮಾತ್ರ ದಾದಾಪೀರ ಕೈಬಿಡಲಿಲ್ಲ. ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ತಪಾಸಣೆಯ ಸಾಲಿನಲ್ಲಿ ನಿಂತ. ಯಂತ್ರದೊಳಗೆ ಹೋದ ಬಟ್ಟಲು ಹೊರಗೆ ಬರಲಿಲ್ಲ. ಮೂರು ತೂತಿನ ಮರದ ಗಡ್ಡೆ ನೋಡಿ ಇಬ್ಬರು ಸಿಬ್ಬಂದಿ ತಲೆ ಕೆರೆದುಕೊಂಡರು. ನನ್ನ ಇಂಗ್ಲಿಷ್ ಅಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ.

ದಾದಾಪೀರ ತನ್ನ ಹಿಂದೂಸ್ತಾನಿಯಲ್ಲಿ ಶುರುಮಾಡಿದ, ಅದೂ ಸಾಲದಾದಾಗ ಆ ಫಳಫಳ ನೆಲದ ಮೇಲೆ ಇಲ್ಲದ ಎತ್ತುಗಳನ್ನು ಹೊಡೆಯುತ್ತ ನಾಲ್ಕು ಹೆಜ್ಜೆ ನಡೆದೇ ತೋರಿಸಿದ. ಹಿಂದಿನ ಸಾಲಿನವರು ಫೋನು ಎತ್ತಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅಲ್ಲಿಯ ಹಿರಿಯ ಅಧಿಕಾರಿಣಿಯೊಬ್ಬರು ಬಂದು ಬಟ್ಟಲು ಕೈಯಲ್ಲಿ ಹಿಡಿದರು. ಮುಖ ಅರಳಿತು. ‘ತಿಫಣ!’ ಎಂದರು. ಮರಾಠಿಯಲ್ಲಿ ಕೂರಿಗೆಗೆ ಹಾಗೆನ್ನುತ್ತಾರಂತೆ, ಆಕೆ ಮರಾಠವಾಡದ ರೈತರ ಮಗಳು. ನಮ್ಮ ಆಯಿ ಜೀವನವಿಡೀ ಇದರ ಹಿಂದೆ ನಡೆದಳು ಎಂದು ತೂತುಗಳ ಮೇಲೆ ಬೆರಳಾಡಿಸಿ, ಸಲಾಮು ಹೊಡೆದು ಕಳಿಸಿದರು.

ತವರು ನೆನಪಾಗಿರಬೇಕು ಪಾಪ, ಎಂದ ದಾದಾಪೀರ. ಹೌದು ಎಂದೆ ನಾನು. ಎರಡನೆಯ ಸಲ ಯಾರೋ ನಮಗೆ ಬಾಗಿಲು ತೆರೆದು ತೋರಿಸಿದ್ದರು, ನಾವು ಎರಡನೆಯ ಸಲವೂ ಪಕ್ಕದಿಂದ ಹಾದುಹೋದೆವು.

ಅಡಿಸ್ ಅಬಾಬಾ

ಇಳಿದ ಕೂಡಲೇ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದು ಪಾಠ ಮಾಡಿದವನು ನಾನೇ, ಸ್ವೆಟರ್ ತರದೆ ನಡುಗಿದವನೂ ನಾನೇ.

ಮಾರನೇ ದಿನ ನಮ್ಮ ಜೊತೆಗಾರ ಡಾವಿತ್ ಎರಡು ಗಂಟೆಗೆ ಬರುತ್ತೇನೆ ಎಂದಿದ್ದ. ಮಧ್ಯಾಹ್ನದವರೆಗೆ ಆರಾಮ ಎಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಬೆಳಿಗ್ಗೆ ಎಂಟಕ್ಕೇ ಬಾಗಿಲು ಬಡಿದ. ಅವರ ಗಡಿಯಾರ ಸೂರ್ಯ ಹುಟ್ಟಿದ ಮೇಲೆ ಎಣಿಸುತ್ತದಂತೆ. ನಮ್ಮ ಎಂಟು ಅವರ ಎರಡು. ವರ್ಷವೂ ಅಷ್ಟೇ, ನಮಗಿಂತ ಏಳೆಂಟು ಹಿಂದೆ. ಆ ಲೆಕ್ಕದಲ್ಲಿ ನನ್ನ ನಿವೃತ್ತಿ ಇನ್ನೂ ಆಗಿರಲಿಲ್ಲ. ಎಣ್ಣೆ ತಲೆಯಲ್ಲೇ ಓಡಿದೆ.

ಡಾವಿತ್ ಕೃಷಿ ಓದಿದ ತರುಣ, ಒಳ್ಳೆಯ ಇಂಗ್ಲಿಷ್. ಆದರೆ ಏನಾದರೂ ಕೇಳಿದರೆ ಮಾತನಾಡುವ ಬದಲು ಹ್ಹಾ ಎಂದು ಗಕ್ಕನೆ ಒಳಗೆ ಉಸಿರೆಳೆದುಕೊಳ್ಳುತ್ತಿದ್ದ. ಮೊದಲ ಸಲ ದಾದಾಪೀರ ಗಾಬರಿಯಾಗಿ ಅವನ ಬೆನ್ನು ತಿಕ್ಕಿದ, ನೀರಿನ ಬಾಟಲಿ ಹಿಡಿದ. ಆಮೇಲೆ ಗೊತ್ತಾಯಿತು, ಅಲ್ಲಿ ಹಾಗೆ ಉಸಿರೆಳೆದುಕೊಂಡರೆ ‘ಹೌದು’ ಎಂದರ್ಥ. ಊರಿಗೆ ಊರೇ ಹೀಗೆ ಹೌದು ಹೇಳುತ್ತದೆ. ಸಂಜೆಯ ಹೊತ್ತಿಗೆ ನಾವಿಬ್ಬರೂ ಹೇಳತೊಡಗಿದ್ದೆವು.

ಹಳ್ಳಿಯ ದಾರಿಯುದ್ದಕ್ಕೂ ನಾನು ಕಿಟಕಿಗೆ ಮುಖ ಒತ್ತಿಕೊಂಡೇ ಇದ್ದೆ. ಹೊಸ ರಸ್ತೆ ಚೀನಾದವರು ಹಾಕುತ್ತಿದ್ದಾರೆ. ಅಂಗಡಿಯ ಮುಂದೆ ಬಿಸಿಲಿಗೆ ಕಟ್ಟಿದ ಪರದೆ ಅಮೆರಿಕದ ಗೋಧಿ ಚೀಲದ್ದು. ‘ದಾದಾಪೀರ, ಗೊತ್ತಾತು ನೋಡೋ, ಬ್ಯಾರೆಯವರ ಓಣ್ಯಾಗ ಯಾರ ಸಾಮಾನ ಕಾಣ್ತೈತಿ ಅವರ ಮಹಾಶಕ್ತಿ’ ಎಂದು ಅವನ ಭುಜ ಹಿಡಿದು ಅಲುಗಾಡಿಸಿದೆ. ಅವನು ತೊಡೆಯ ಮೇಲಿನ ಬಟ್ಟಲು ತೋರಿಸಿ, ನಮ್ಮ ಸಾಮಾನೂ ಇನ್ನು ಕಾಣುತ್ತದೆ ಬಿಡ್ರಿ ಎಂದ. ಬಿಶೋಫ್ತು ದಾಟಿದ ಮೇಲೆ ಎರಡೂ ಬದಿ ಹಳದಿ ಹೂವು ಹಬ್ಬಿದ ಹೊಲ ಬಂತು. ಗುರೆಳ್ಳು! ನಮ್ಮ ಚಟ್ನಿಯ ಗುರೆಳ್ಳು! ಗಾಡಿ ನಿಲ್ಲಿಸಿ ಇಳಿದು ಒಂದು ಹಿಡಿ ಮಣ್ಣು ತೆಗೆದೆ. ಮುಷ್ಟಿ ಬಿಚ್ಚಿದರೂ ಅಂಗೈ ಬಿಡದ ಅದೇ ಕಪ್ಪು ಮಣ್ಣು. ಸಮುದ್ರ ದಾಟಿ ಬಂದು ನನ್ನ ಹೊಲದಲ್ಲೇ ನಿಂತಂತಾಗಿ ಕಣ್ಣು ತುಂಬಿಕೊಂಡವು.

ಅಲ್ಮಾಜ್ ಅವರ ಮನೆ

ನಮಗೆ ಹೊಲ ಕೊಟ್ಟವರು ಅಲ್ಮಾಜ್, ಐವತ್ತರ ಆಸುಪಾಸಿನ ವಿಧವೆ. ಊರಿನ ಬೇರೆಯವರೆಲ್ಲ ಕಡಲೆ ಚೆಲ್ಲಿ ಮುಗಿಸಿದ್ದರು. ಈಕೆ ಮಾತ್ರ ಅರ್ಧ ಹೊಲ ಖಾಲಿ ಬಿಟ್ಟು ಹಿಂದೂಸ್ತಾನದ ಕೂರಿಗೆಗಾಗಿ ಕಾಯುತ್ತಿದ್ದರು. ಆ ಅರ್ಧದ ಕಡಲೆಯೇ ಅವರ ಮನೆಯ ವರ್ಷದ ಅಡುಗೆ ಎಂದು ಡಾವಿತ್ ಹೇಳಿದ. ಎರೆಭೂಮಿಯ ಹದ ಹೇಗೆಂದು ನನಗೆ ಗೊತ್ತು. ಇವತ್ತು ಬೆಣ್ಣೆ, ನಾಲ್ಕು ದಿನ ಬಿಸಿಲು ಬಿದ್ದರೆ ಕಲ್ಲು. ಹೊಲ ನೋಡಿದೆ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಆಗಲೇ ಕಾಣುತ್ತಿತ್ತು. ನಾಳೆ, ಬಹಳವೆಂದರೆ ನಾಡಿದ್ದು. ತಪ್ಪಿದರೆ ಈಕೆಯ ವರ್ಷ ನಮ್ಮ ಕೈಯಿಂದ ಹಾಳು.

ಊಟಕ್ಕೆ ಕೂರಿಸಿದರು. ಅಂದು ಬುಧವಾರ, ಅಲ್ಲಿಯ ಕ್ರೈಸ್ತರಿಗೆ ಉಪವಾಸದ ದಿನ, ಊಟ ಉಂಟು, ಆದರೆ ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಲಿಂಗ ಕಟ್ಟಿದ ನನಗೂ, ಹಲಾಲಿನ ಚಿಂತೆಯಲ್ಲಿದ್ದ ದಾದಾಪೀರನಿಗೂ ಒಟ್ಟಿಗೆ ನಿರಾಳವಾಯಿತು. ಒಲೆಯ ಮೇಲೆ ಅಗಲವಾದ ಮಣ್ಣಿನ ಹಂಚು. ಅಲ್ಮಾಜ್ ಹುಳಿ ಬಂದ ಹಿಟ್ಟನ್ನು ಸಣ್ಣ ಪಾತ್ರೆಯಿಂದ ಹಂಚಿನ ಅಂಚಿಗೆ ಬಿಟ್ಟು, ಸುತ್ತುತ್ತ ಸುತ್ತುತ್ತ ನಡುವಿಗೆ ತಂದರು. ದಾರದಂತಹ ಧಾರೆ, ಎಲ್ಲೂ ದಪ್ಪವಾಗಲಿಲ್ಲ, ಎಲ್ಲೂ ಕಡಿಯಲಿಲ್ಲ. ಕೈಯ ಕಡೆ ನೋಡುತ್ತಲೂ ಇರಲಿಲ್ಲ, ಡಾವಿತ್‌ನ ಜೊತೆ ಮಾತಾಡುತ್ತಲೇ ಇದ್ದರು. ಆ ರೊಟ್ಟಿಗೆ ಇಂಜೆರಾ ಎನ್ನುತ್ತಾರೆ. ಜೊತೆಗೆ ಕಡಲೆ ಹಿಟ್ಟಿನ ಕೆಂಪು ಸಾರು, ನಮ್ಮ ಝುಣಕದ ಅಕ್ಕ ಎನ್ನಿ.

ಆಮೇಲೆ ಒಂದು ಫಜೀತಿ. ಅಲ್ಮಾಜ್ ದೊಡ್ಡದೊಂದು ತುತ್ತು ಸುತ್ತಿ ನೇರ ನನ್ನ ಬಾಯಿಗೆ ಹಿಡಿದರು. ಅತಿಥಿಗೆ ಮರ್ಯಾದೆ ಮಾಡುವ ರೀತಿಯಂತೆ. ನಮ್ಮಲ್ಲಿ ಮದುವೆಯ ದಿನ ಒಂದು ಸಲ ಹೆಂಡತಿ ತುತ್ತು ಕೊಡುತ್ತಾಳೆ, ಅದಾದ ಮೇಲೆ ಹಾಸಿಗೆ ಹಿಡಿದರಷ್ಟೇ. ನಾಚಿ ಕೆಂಪಾಗಿ ಬಾಯಿ ತೆರೆದೆ. ದಾದಾಪೀರ ಫೋಟೋ ತೆಗೆದುಕೊಂಡ ದುಷ್ಟ.

ರಸ್ತೆ ಕಾಮಗಾರಿಯ ಶೆಡ್ಡು

ಊಟ ಮುಗಿಸಿ ಕೂರಿಗೆ ಜೋಡಿಸಲು ಗೋಣಿತಟ್ಟು ಬಿಚ್ಚಿದರೆ ನಡುವಿನ ಕುಳ ಬಾಗಿ ಸೀಳಿತ್ತು. ದಾದಾಪೀರ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಕುಲುಮೆ ಯರಗುಪ್ಪಿಯಲ್ಲಿತ್ತು. ಡಾವಿತ್ ನಮ್ಮನ್ನು ಚೀನಾದವರ ರಸ್ತೆ ಕಾಮಗಾರಿಯ ಶೆಡ್ಡಿಗೆ ಕರೆದೊಯ್ದ.

ಅಲ್ಲಿ ಹುಲ್ಲಿನ ಟೊಪ್ಪಿ ಹಾಕಿದ ಒಬ್ಬ ಹಿರಿಯ ಬೆಸುಗೆಗಾರನಿದ್ದ. ಅವನಿಗೆ ನಮ್ಮ ಮಾತಿಲ್ಲ, ನಮಗೆ ಅವನದಿಲ್ಲ. ದಾದಾಪೀರ ಕುಳ ಮುಂದಿಟ್ಟ. ಅವನು ಅದರ ಬಾಗು ನೋಡಿದ, ಉಗುರಿನಿಂದ ತಟ್ಟಿ ಸದ್ದು ಕೇಳಿದ, ಮೆಚ್ಚಿ ಹೆಬ್ಬೆರಳೆತ್ತಿದ. ಇಬ್ಬರೂ ಕೆಲಸಗಾರರು ತಲೆಗೆ ತಲೆ ಕೂಡಿಸಿ ಕೂತರು. ನಾನು ಸುತ್ತ ನೋಡಿದೆ. ತಿರುಗಣೆ ಯಂತ್ರ, ಎಲ್ಲ ಅಳತೆಯ ಮೊಳೆ, ಗಾಡಿಗಳ ಬಿಡಿಭಾಗ. ಶೆಡ್ಡಿನ ಹಿಂದೆ ತಮ್ಮ ದೇಶದ ಸೊಪ್ಪಿನ ಮಡಿ. ಅದರಾಚೆ ಅವರದೇ ಅಡುಗೆಯವನು, ದೊಡ್ಡ ಬಾಣಲೆಯಲ್ಲಿ ಏನನ್ನೋ ಚೊಂಯ್ ಎನಿಸುತ್ತಿದ್ದ.

ನನಗೆ ಕುಣಿಯುವಷ್ಟು ಉಮೇದು ಬಂತು. ಮೂವತ್ತು ವರ್ಷ ತಪ್ಪು ಬರೆಸಿದ್ದೆನಲ್ಲ! ಪ್ರಾದೇಶಿಕ ಶಕ್ತಿ ದೂರದೇಶಕ್ಕೆ ಸಾಮಾನು ಕಳಿಸುತ್ತದೆ. ಮಹಾಶಕ್ತಿ ಸಾಮಾನಿನ ಹಿಂದೆ ಗ್ಯಾರೇಜನ್ನೂ ಕಳಿಸುತ್ತದೆ, ಗ್ಯಾರೇಜಿನವನ ಹಿಂದೆ ಅಡುಗೆಯವನನ್ನೂ ಕಳಿಸುತ್ತದೆ. ಕುಳ ಮುರಿದ ಕಡೆ ನಮ್ಮ ದೌಲತ್ತು ಮುಗಿಯಿತು, ಅವರದು ಅಲ್ಲಿಂದ ಶುರುವಾಯಿತು. ಇದನ್ನೆಲ್ಲ ದಾದಾಪೀರನಿಗೆ ಹೇಳಿದೆ. ಬೆಸುಗೆಯ ಕಿಡಿಯಿಂದ ಕಣ್ಣು ತೆಗೆಯದೆ ಅವನು, ಸುಮ್ನಿರ್ರಿ ಮಾಸ್ತರ, ಕೆಲಸ ನೋಡ್ರಿ ಎಂದ. ಹೊರಡುವಾಗ ತನ್ನ ಜೇಬಿನ ಅಳತೆಪಟ್ಟಿ ತೆಗೆದು ಆ ಚೀನೀಯನ ಕೈಗಿಟ್ಟ. ಅವನು ತನ್ನದನ್ನು ಇವನಿಗೆ ಕೊಟ್ಟ.

ಹೊಲ

ಬೆಳಿಗ್ಗೆ ಊರೇ ಬದುವಿನ ಮೇಲೆ ನಿಂತಿತ್ತು. ಮುದುಕರು ಉದ್ದ ಕೋಲಿಗೆ ಗದ್ದ ಊರಿಕೊಂಡಿದ್ದರು. ಅಂಚಿನ ಬಿರುಕಿಗೆ ಅಷ್ಟು ಹೊತ್ತಿಗೆ ನನ್ನ ಕಿರುಬೆರಳು ಹೋಗುತ್ತಿತ್ತು. ನೆರೆಯ ರೈತನೊಬ್ಬ ತನ್ನ ಎತ್ತು ತಂದಿದ್ದ. ಅವನು ಎತ್ತಿನ ಮುಂದೆ, ನಾನು ಕೂರಿಗೆ ಒತ್ತಿ ಹಿಡಿದು ಹಿಂದೆ. ದಾದಾಪೀರ ಪಕ್ಕದಲ್ಲಿ. ಅಲ್ಮಾಜ್ ತಮ್ಮ ಬೀಜದ ಚೀಲ ತಂದು ನನ್ನ ಕಾಲ ಬಳಿ ಇಟ್ಟರು.

ಎತ್ತು ಹೆಜ್ಜೆ ಎತ್ತುವುದರಲ್ಲಿತ್ತು. ದಾದಾಪೀರ ನನ್ನ ಮುಖ ನೋಡಿದ. ನಾನು ಅವನದು ನೋಡಿದೆ.

‘ಮಾಸ್ತರ, ಕಾಳು ಯಾರು ಬಿಡಾವ್ರು?’

ಎತ್ತು ನಿಲ್ಲಿಸು ಎಂದು ಕೈ ಎತ್ತಿದೆ. ಓದುಗರೇ, ನಮ್ಮ ಕಡೆ ಗಂಡಸು ಕೂರಿಗೆ ಹಿಡಿಯುತ್ತಾನೆ. ಅವನ ಪಕ್ಕಕ್ಕೆ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು, ಹಿಡಿಯಿಂದ ಬಟ್ಟಲಿಗೆ ಬಿಡುತ್ತ ನಡೆಯುತ್ತಾಳೆ. ಕಾಳು ಮೂರೂ ತೂತಿಗೆ ಸಮ ಬೀಳುವುದು ಬಟ್ಟಲಿನಿಂದಲ್ಲ, ಅವಳ ಬೆರಳಿನಿಂದ. ಮದುವೆಯಾದಾಗಿನಿಂದ ನನ್ನ ಪಕ್ಕ ಶಾಂತವ್ವ ಹಾಗೆ ನಡೆದಿದ್ದಾಳೆ. ಆದರೂ ‘ಬಿತ್ತುವವರು ಯಾರು’ ಎಂದು ಕೇಳಿದಾಗ ನಾನು ನನ್ನ ಹೆಸರು ಬರೆದುಕೊಟ್ಟಿದ್ದೆ. ದಾದಾಪೀರ ಜೀವಮಾನದಲ್ಲಿ ಅದೆಷ್ಟು ಬಟ್ಟಲು ಕೊರೆದಿದ್ದಾನೋ, ಒಂದಕ್ಕೂ ಕಾಳು ಬಿಟ್ಟವನಲ್ಲ.

ಅದೇನು ಮಹಾ ಎಂದು ಧೈರ್ಯ ತಂದುಕೊಂಡು ಕೂರಿಗೆ ದಾದಾಪೀರನಿಗೆ ಕೊಟ್ಟು ನಾನೇ ಬಿಡತೊಡಗಿದೆ. ಮುಷ್ಟಿ ಸಡಿಲಿಸಿದರೆ ಸುರಿಯಿತು, ಬಿಗಿ ಮಾಡಿದರೆ ನಿಂತಿತು. ಎಡದ ಕೊಳವೆ ಕಟ್ಟಿಕೊಂಡಿತು. ಅರ್ಧ ಹಾದಿಯಲ್ಲಿ ಅದಲುಬದಲಾಗಿ ದಾದಾಪೀರ ಬಿಟ್ಟ, ನನಗಿಂತ ಕಡೆ. ಒಂದು ಸುತ್ತು ಮುಗಿಯಿತು. ಒಬ್ಬ ಮುದುಕ ಕೋಲಿನಿಂದ ಸಾಲು ಕೆದಕಿದ. ಒಂದು ಕಡೆ ಒಂದು ಬೊಗಸೆ, ಮುಂದಿನ ಮೂರು ಹೆಜ್ಜೆ ಬರೀ ಮಣ್ಣು. ಬದುವಿನ ಮೇಲೆ ನಗೆ ಎದ್ದಿತು. ಅಲ್ಮಾಜ್ ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಗುಡ್ಡೆಬಿದ್ದ ಕಾಳುಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕತೊಡಗಿದರು. ಬಿಸಿಲು ಏರುತ್ತಿತ್ತು. ಈಗ ಅವರು ಮತ್ತೆ ಆಳು ಎತ್ತು ಹೊಂದಿಸಿ ಕೈಯಿಂದ ಚೆಲ್ಲಿಸುವಷ್ಟರಲ್ಲಿ ಹದ ಹೋಗಿರುತ್ತಿತ್ತು. ಆಗ ನನಗೆ ಆದ ನಾಚಿಕೆ ನನ್ನ ಜೀವನದಲ್ಲಿ ಹಿಂದೆ ಆಗಿಲ್ಲ.

ಡಾವಿತ್‌ನನ್ನು ಕರೆದು ಹೇಳಿದೆ. ಎಲ್ಲರಿಗೂ ಕೇಳುವಂತೆ ಹೇಳು, ನಮ್ಮ ದೇಶದಲ್ಲಿ ಈ ಕೆಲಸ ಗಂಡಸರಿಗೆ ಬರುವುದಿಲ್ಲ. ನನ್ನ ಹೆಂಡತಿ ಮಾಡುತ್ತಾಳೆ. ಅವಳನ್ನು ಬಿಟ್ಟು ಬಂದಿದ್ದೇನೆ, ಅದು ನನ್ನ ತಪ್ಪು.

ಡಾವಿತ್ ಹಿಂಜರಿದ. ಇಲ್ಲಿ ಬೀಜಕ್ಕೆ ಹೆಂಗಸರು ಕೈ ಹಾಕುವುದಿಲ್ಲ, ಬಿತ್ತುವುದು ಗಂಡಸರ ಕೆಲಸ, ಜನ ಏನಂದಾರು ಎಂದ. ಹೇಳಪ್ಪ ಎಂದೆ. ಹೇಳಿದ. ನಗೆ ನಿಂತಿತು. ಮುದುಕರು ಒಬ್ಬರನ್ನೊಬ್ಬರು ನೋಡಿದರು.

ಆಗ ನನ್ನ ಕಣ್ಣ ಮುಂದೆ ಹಿಂದಿನ ದಿನದ ಆ ಹಿಟ್ಟಿನ ಧಾರೆ ಬಂತು. ಅಲ್ಮಾಜ್ ಅವರ ಕಡೆ ತಿರುಗಿ ಹಂಚಿನ ಮೇಲೆ ಹಿಟ್ಟು ಬಿಡುವಂತೆ ಗಾಳಿಯಲ್ಲಿ ಕೈ ಸುತ್ತಿಸಿದೆ, ಆಮೇಲೆ ಬಟ್ಟಲು ತೋರಿಸಿದೆ. ಅವರು ಎದ್ದು ನಿಂತರು. ಹೆಗಲ ಬಿಳಿ ಹೊದಿಕೆ ತೆಗೆದು ಸೊಂಟಕ್ಕೆ ಬಿಗಿದು ಕಟ್ಟಿ, ಮುಂದಕ್ಕೆ ಚೀಲದಂತೆ ಮಾಡಿ ಬೀಜ ತುಂಬಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನಮ್ಮ ಉಡಿಯೇ.

ಮೊದಲ ಹತ್ತು ಹೆಜ್ಜೆ ಕಾಳು ತಡವರಿಸಿತು. ಆಮೇಲೆ ಬಟ್ಟಲಿನಲ್ಲಿ ಸರಸರ ಎಂಬ ಒಂದೇ ಸದ್ದು. ನಮ್ಮ ಹೊಲದಲ್ಲಿ ಇಷ್ಟು ವರ್ಷ ನನ್ನ ಬಲಗಿವಿಗೆ ಕೇಳಿದ ಸದ್ದು ಅದು, ಕೇಳುತ್ತಿದ್ದೇನೆ ಎಂದು ಕೂಡ ನನಗೆ ಗೊತ್ತಿರಲಿಲ್ಲ. ಸುತ್ತಿನ ಕೊನೆಗೆ ಅದೇ ಮುದುಕ ಬಗ್ಗಿ ಕೆದಕಿದ. ಒಂದು ಕಾಳು. ನಾಲ್ಕು ಬೆರಳು ಬಿಟ್ಟು ಇನ್ನೊಂದು. ಮತ್ತೊಂದು. ಅವನು ನಿಧಾನ ಎದ್ದು, ಅಲ್ಮಾಜ್ ಅವರ ಮುಖ ನೋಡಿ, ಗಕ್ಕನೆ ಒಳಗೆ ಉಸಿರೆಳೆದುಕೊಂಡ. ಬದುವಿನುದ್ದಕ್ಕೂ ಉಸಿರು ಎಳೆದ ಸದ್ದು ಹರಿಯಿತು. ನಾನು ಕೂರಿಗೆ ಹಿಡಿದುಕೊಂಡೇ ಅತ್ತೆ. ದಾದಾಪೀರ, ಕಣ್ಣಾಗ ಮಣ್ಣ ಬಿತ್ತೇನ್ರಿ ಎಂದು ಕಾಡಿಸಿದ, ಅವನ ಕಣ್ಣೂ ಒದ್ದೆಯಾಗಿದ್ದವು. ಮಧ್ಯಾಹ್ನದೊಳಗೆ ಖಾಲಿ ಬಿಟ್ಟಿದ್ದ ಅರ್ಧ ಹೊಲ ಪೂರ್ತಿ ಮುಗಿಯಿತು. ಕೊನೆಯ ಸುತ್ತುಗಳಿಗೆ ಇನ್ನಿಬ್ಬರು ಹೆಂಗಸರು ಬದು ಇಳಿದು ಬಂದು ಬೀಜ ಕೇಳಿದರು.

ಮತ್ತೆ ಯರಗುಪ್ಪಿ

ಊರಿಗೆ ಬಂದ ಮರುದಿನವೇ ಕಟ್ಟೆಯ ಮೇಲೆ ಪಂಚಾಯ್ತಿ. ಹೋಗಿ ಏನು ಕಂಡಿರಿ, ನಾವು ಮಹಾಶಕ್ತಿಯೋ ಅಲ್ಲವೋ ಎಂದು ಎಲ್ಲರೂ ಕೇಳಿದರು. ಚೀನಾದವರ ಶೆಡ್ಡಿನ ಕಥೆ ಹೇಳಿದೆ, ಗ್ಯಾರೇಜಿನ ಸಿದ್ಧಾಂತ ಹೇಳಿದೆ. ಅಷ್ಟರಲ್ಲಿ ದಾದಾಪೀರ ಬಾಯಿ ಹಾಕಿದ.

‘ಅವರು ಅಡಗಿ ಮಾಡಾವನ್ನ ಸೈತ ನೆನಪಿಟ್ಟು ಕರಕೊಂಡ ಹೋಗ್ಯಾರ. ನಾವು ಬಿತ್ತಾಕಿನ್ನ ಮನ್ಯಾಗ ಬಿಟ್ಟು ಬಿತ್ತಾಕ ಹೋಗಿದ್ವಿ. ಇಷ್ಟ ನೋಡ್ರಿ ಫರಕು.’

ನನ್ನ ಐದು ಅಂಶಗಳ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ನನಗೆ ಹೊಳೆದಿಲ್ಲ. ತನ್ನ ಮನೆಯ ಕೆಲಸ ಯಾರ ಕೈಯಿಂದ ನಡೆಯುತ್ತಿದೆ ಎಂದು ಅರಿಯದ ದೇಶ ಎಷ್ಟೇ ದೊಡ್ಡ ಸಾಮಾನು ಹೊತ್ತು ಹೊರಟರೂ ದೂರದ ಹೊಲದಲ್ಲಿ ನಮ್ಮ ಹಾಗೆ ಕೈ ಖಾಲಿ ನಿಲ್ಲುತ್ತದೆ. ಇದನ್ನು ಕಟ್ಟೆಯಲ್ಲಿ ಜೋರಾಗಿ ಒಪ್ಪಿದೆ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಬಿತ್ತನೆ ಹೇಗಾಯಿತು ಎಂದು ಶಾಂತವ್ವ ಕೇಳಿದಾಗ, ಚಲೋ ಆಯಿತು ಎಂದಷ್ಟೇ ಹೇಳಿ ಪತ್ರಿಕೆ ಬಿಡಿಸಿದೆ. ಇಷ್ಟು ವರ್ಷ ತಿಳಿಯದ್ದನ್ನು ಈಗ ಯಾವ ಮುಖದಿಂದ ಹೇಳುವುದು?

ಕೆಲವು ವಾರಗಳ ಮೇಲೆ ಡಾವಿತ್ ಫೋನಿಗೆ ಒಂದು ಫೋಟೋ ಕಳಿಸಿದ. ಅಲ್ಮಾಜ್ ಹೊಲದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಕಪ್ಪು ನೆಲದ ಮೇಲೆ ಹಸಿರು ಗೆರೆ ಎಳೆದಂತೆ ಕಡಲೆಯ ಸಾಲು, ಕಣ್ಣು ಹೋಗುವವರೆಗೂ. ಅಡುಗೆಮನೆಗೆ ಓಡಿ ಶಾಂತವ್ವನಿಗೆ ತೋರಿಸಿದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನು ಹಿಡಿದು ಬಹಳ ಹೊತ್ತು ನೋಡಿದಳು. ಒಳ್ಳೆಯ ಕೈ ಐತಿ ಈಕೀದು ಎಂದಳು. ಆಮೇಲೆ ಬೆರಳು ಫೋಟೋದ ಎಡ ಅಂಚಿಗೆ ಸರಿಯಿತು. ಅಲ್ಲಿ ಒಂದು ಕಡೆ ಗುಂಪು, ಒಂದು ಕಡೆ ಬಯಲು, ಮುದುಕನ ಹಲ್ಲಿನ ಹಾಗೆ ಮೂರು ಸಾಲು.

‘ಈ ಮೂರು ಸಾಲು ನಿಮ್ಮ ಕೈವು, ಹೌದಿಲ್ರಿ?’

ನಾನು ಗಕ್ಕನೆ ಒಳಗೆ ಉಸಿರೆಳೆದುಕೊಂಡೆ.

ಅವಳು ಗಾಬರಿಯಾಗಿ ಫೋನು ಕೆಳಗಿಟ್ಟು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಏನಾಯಿತೆಂದು ಕೇಳಿದಳು. ಏನೂ ಆಗಿಲ್ಲ, ಆ ಊರಿನಲ್ಲಿ ಹೌದು ಅನ್ನುವುದು ಹೀಗೆ ಎಂದೆ.